ಮೂರು ಹೆಸರಿನ ಲಿಪಿ, ಹೆಸರಿಲ್ಲದ ಲಿಪಿ

ಈ ಸಲ ನಾನು ನಿಮ್ಮ ಜೊತೆ ಮಾತಾಡುತ್ತಿರುವುದು ಜಪಾನಿನ ವಾಕೋ ಎಂಬ ಊರಿನಿಂದ. ಹೆಸರು ಕೇಳದವರೇ ಹೆಚ್ಚು. ಟೋಕಿಯೋದ ವಾಯವ್ಯ ಅಂಚಿಗೆ ಅಂಟಿಕೊಂಡಿರುವ, ಸೈತಾಮಾ ಪ್ರಾಂತ್ಯದ ಪುಟ್ಟ ನಗರ ಇದು. ಮೆಟ್ರೋದ ಯುರಾಕುಚೋ ಮಾರ್ಗ ಇಲ್ಲಿಗೆ ಮುಗಿಯುತ್ತದೆ. ನಿಲ್ದಾಣದಿಂದ ರಿಕೆನ್ ಸಂಶೋಧನಾ ಸಂಸ್ಥೆಯ ಕಡೆಗೆ ನಡೆದು ಹೊರಟರೆ ಕಾಲುದಾರಿಯ ನೆಲದಲ್ಲಿ ಮೂಲಧಾತುಗಳ ಹೆಸರಿನ ಫಲಕಗಳು ಸಿಗುತ್ತವೆ. ಆ ಬೀದಿಗೆ ನಿಹೋನಿಯಂ ಬೀದಿ ಎಂದೇ ಹೆಸರು. 113ನೆಯ ಮೂಲಧಾತುವನ್ನು ಕಂಡುಹಿಡಿದದ್ದು ಇಲ್ಲಿಯೇ, ರಿಕೆನ್‌ನಲ್ಲಿ. ಮೊದಲ ಪರಮಾಣು ಸಿಕ್ಕಿದ್ದು 2004ರಲ್ಲಿ, ನಿಹೋನಿಯಂ ಎಂಬ ಹೆಸರು ಅಧಿಕೃತವಾಗಿದ್ದು 2016ರಲ್ಲಿ. ಅಲ್ಲಿಯವರೆಗೆ ಅದಕ್ಕೆ ಇದ್ದದ್ದು ಉನುನ್‌ಟ್ರಿಯಂ ಎಂಬ ಹಂಗಾಮಿ ಹೆಸರು. ಅರ್ಥ ಏನು ಗೊತ್ತೇ? ಒಂದು-ಒಂದು-ಮೂರು. ಅಷ್ಟೆ. ಮಗು ಹುಟ್ಟಿದೆ, ನಾಮಕರಣ ಆಗಿಲ್ಲ, ಆಸ್ಪತ್ರೆಯವರು ಕೈಗೆ ನಂಬರಿನ ಪಟ್ಟಿ ಕಟ್ಟಿದ್ದಾರೆ, ಹಾಗೆ.

ಹದಿನೈದಿಪ್ಪತ್ತು ವರ್ಷ ಈ ದಾರಿಯಲ್ಲಿ ಓಡಾಡಿದ ಮೇಲೆ ನನಗೆ ಒಂದು ಹೋಲಿಕೆ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಅಂತರಜಾಲಕ್ಕೆ ಬಂದ ಮೊದಲ ವರ್ಷಗಳಲ್ಲಿ ನಮ್ಮ ಕನ್ನಡದ ಸ್ಥಿತಿಯೂ ಇದೇ ಆಗಿತ್ತು. ಅಕ್ಷರ ಇತ್ತು, ಬರೆಯುವವರು ಇದ್ದರು, ಓದುವವರು ಇದ್ದರು. ಆದರೆ ತಂತಿಯ ಮೇಲೆ ಹೋಗುವಾಗ ಇದು ಇಂಥದ್ದು ಎಂದು ಹೇಳುವ ಹೆಸರು ಇರಲಿಲ್ಲ. ಜಪಾನಿಗೆ ಇದಕ್ಕೆ ತೀರ ಉಲ್ಟಾ ಕಷ್ಟ: ಒಂದೇ ಲಿಪಿಗೆ ಮೂರು ಹೆಸರು. ಈ ಎರಡು ಕಷ್ಟಗಳೂ ಬಂದು ಸೇರುವುದು ನಿಮಗೆ ಸಾಮಾನ್ಯವಾಗಿ ಕಣ್ಣಿಗೇ ಬೀಳದ ಒಂದು ಜಾಗದಲ್ಲಿ, ಸರ್ವರ್ ಕಳಿಸುವ ಹೆಡರ್‌ನಲ್ಲಿ.

ಹೆಡರ್ ಅಂದರೆ ಏನೆಂದು ಮೊದಲು ಹೇಳಿಬಿಡುತ್ತೇನೆ. ನೀವು ಬ್ರೌಸರಿನಲ್ಲಿ ಒಂದು ವಿಳಾಸ ಒತ್ತುತ್ತೀರಿ. ಆ ಕಡೆಯ ಸರ್ವರ್ ಪುಟವನ್ನು ನೇರವಾಗಿ ಎತ್ತಿ ಕೊಡುವುದಿಲ್ಲ. ಮೊದಲು ಕೆಲವು ಸಾಲು ಕಳಿಸುತ್ತದೆ: ಸಿಕ್ಕಿತು ಅಥವಾ ಸಿಗಲಿಲ್ಲ, ಇವತ್ತಿನ ತಾರೀಖು ಇದು, ನಾನು ಇಂಥ ಸರ್ವರ್, ಕೊಡುತ್ತಿರುವ ವಸ್ತು ಇಂಥದ್ದು, ಅದರ ಅಕ್ಷರಗಳು ಈ ಪದ್ಧತಿಯವು. ಆಮೇಲೆ ಒಂದು ಖಾಲಿ ಸಾಲು. ಆಮೇಲೆ ಪುಟ. ಖಾಲಿ ಸಾಲಿನ ಮೇಲಿರುವುದನ್ನು ಬ್ರೌಸರ್ ಓದಿಕೊಳ್ಳುತ್ತದೆ, ನಿಮಗೆ ತೋರಿಸುವುದಿಲ್ಲ. ಯಾವ ಸಾಲು ಇರಬೇಕು, ಯಾವುದು ಬೇಡ ಎಂದು ತೀರ್ಮಾನಿಸುವವರು ಸರ್ವರ್ ನಡೆಸುವವರು. ಪುಟ ಬರೆದವರು ಬೇರೆಯವರಾಗಿರಬಹುದು.

ನಿಮ್ಮ ಅಜ್ಜಿಯ ಅಡುಗೆಮನೆ ನೆನಪಿಸಿಕೊಳ್ಳಿ. ಅಲ್ಲಿ ಬೋರ್ನ್‌ವೀಟಾ ಡಬ್ಬಿಯಲ್ಲಿ ಹುಳಿಪುಡಿ, ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ. ಮನೆಯವರಿಗೆ ತೊಂದರೆಯೇ ಇಲ್ಲ, ಯಾವುದರಲ್ಲಿ ಏನಿದೆ ಎಂದು ಕೈಗೆ ಗೊತ್ತು. ಹೊಸದಾಗಿ ಬಂದ ಸೊಸೆ ಮಾತ್ರ ಚೀಟಿ ನಂಬಿಕೊಂಡು ಹಾಲಿಗೆ ಹುಳಿಪುಡಿ ಬೆರೆಸುತ್ತಾಳೆ. ಬ್ರೌಸರ್ ಅನ್ನುವುದು ಯಾವಾಗಲೂ ಹೊಸ ಸೊಸೆ. ಡಬ್ಬಿಯ ಮೇಲಿನ ಚೀಟಿಯನ್ನೇ ನಂಬುತ್ತದೆ.

1991ರಲ್ಲಿ ಟಿಮ್ ಬರ್ನರ್ಸ್-ಲೀ ಮಾಡಿದ ಮೊದಲ ಎಚ್‌ಟಿಟಿಪಿಯಲ್ಲಿ ಚೀಟಿಯೇ ಇರಲಿಲ್ಲ. ಕೇಳಿದರೆ ಪುಟ ಬರುತ್ತಿತ್ತು, ಮುಗಿಯಿತು. ಮುಂದೆ ಚಿತ್ರ, ಧ್ವನಿ ಎಲ್ಲ ಸೇರತೊಡಗಿದಾಗ ಇಮೇಲಿನಿಂದ ಹೆಡರ್ ಪದ್ಧತಿಯನ್ನು ಎರವಲು ತಂದರು. ಅದರ ಜೊತೆಗೇ ಕಂಟೆಂಟ್-ಟೈಪ್ ಎಂಬ ಸಾಲು, ಆ ಸಾಲಿನ ಬಾಲದಲ್ಲಿ ಚಾರ್‌ಸೆಟ್ ಎಂಬ ಪದವೂ ಬಂದವು. ಈ ಇಡೀ ಕತೆ ನಿಂತಿರುವುದು ಆ ಬಾಲದ ಮೇಲೆ. 1996ರ ಮೇ ತಿಂಗಳಲ್ಲಿ ಎಚ್‌ಟಿಟಿಪಿ 1.0 ಬರಹ ರೂಪಕ್ಕೆ ಬಂದಾಗ ಅದರಲ್ಲಿ ಒಂದು ಪುಟ್ಟ ನಿಯಮ ಸೇರಿಕೊಂಡಿತು: ಚಾರ್‌ಸೆಟ್ ಹೇಳದಿದ್ದರೆ ಐಎಸ್‌ಒ-8859-1 ಎಂದು ತಿಳಿಯಿರಿ. ಐಎಸ್‌ಒ-8859-1 ಎಂದರೆ ಲ್ಯಾಟಿನ್-1, ಪಶ್ಚಿಮ ಯೂರೋಪಿನ ಅಕ್ಷರಮಾಲೆ. ಬಾಯಿ ಬಿಡದವರೆಲ್ಲ ಯೂರೋಪಿನವರು ಎಂಬ ಲೆಕ್ಕ. ದುರುದ್ದೇಶ ಇತ್ತು ಎಂದು ನಾನು ಹೇಳುವುದಿಲ್ಲ. ಜಾಲ ಹುಟ್ಟಿದ್ದು ಜಿನೀವಾ ಪಕ್ಕದ ಪ್ರಯೋಗಾಲಯದಲ್ಲಿ, ಅವರ ಮನೆಯ ಡಬ್ಬಿಗೆ ಆ ಚೀಟಿ ಸರಿಯಾಗಿಯೇ ಇತ್ತು.

ಜಪಾನಿನ ಮನೆಯಲ್ಲಿ ಆ ಹೊತ್ತಿಗಾಗಲೇ ಮೂರು ಚೀಟಿ ಓಡಾಡುತ್ತಿದ್ದವು. ಜಪಾನಿ ಬರಹಕ್ಕೆ ಸಾವಿರಾರು ಕಾಂಜಿ ಅಕ್ಷರ ಬೇಕು. ಒಂದು ಬೈಟಿನಲ್ಲಿ ಹಿಡಿಯುವುದು 256 ಗುರುತು ಮಾತ್ರ, ಹಾಗಾಗಿ ಒಂದು ಅಕ್ಷರಕ್ಕೆ ಎರಡು ಬೈಟು. 1978ರಲ್ಲಿಯೇ ಯಾವ ಕಾಂಜಿಗೆ ಯಾವ ಸಂಖ್ಯೆ ಎಂಬ ರಾಷ್ಟ್ರೀಯ ಪಟ್ಟಿ ಬಂದಿತ್ತು. ಪಟ್ಟಿ ಒಂದೇ, ಆದರೆ ಅದನ್ನು ಬೈಟುಗಳಾಗಿ ಜೋಡಿಸುವ ರೀತಿ ಮೂರು. ಮನೆ, ಕಚೇರಿಯ ಪಿಸಿಗಳಲ್ಲಿ ಶಿಫ್ಟ್-ಜಿಸ್. ವಿಶ್ವವಿದ್ಯಾಲಯಗಳ ಯುನಿಕ್ಸ್ ಯಂತ್ರಗಳಲ್ಲಿ ಇಯುಸಿ-ಜೆಪಿ. ಇಮೇಲಿಗೆ ಐಎಸ್‌ಒ-2022-ಜೆಪಿ. ಈ ಮೂರನೆಯದು ಜುನೆಟ್ ಎಂಬ ಜಾಲದಲ್ಲಿ ಬೆಳೆದದ್ದು. 1984ರಲ್ಲಿ ಜುನ್ ಮುರಾಯಿ ಮತ್ತು ಸಂಗಡಿಗರು ಟೋಕಿಯೋದ ವಿಶ್ವವಿದ್ಯಾಲಯಗಳನ್ನು ಜೋಡಿಸಿ ಕಟ್ಟಿದ ಜಾಲ ಅದು. 1993ರ ಜೂನಿನಲ್ಲಿ ಇದೇ ಮುರಾಯಿ ಇನ್ನಿಬ್ಬರೊಂದಿಗೆ ಆ ಪದ್ಧತಿಯನ್ನು ಆರ್‌ಎಫ್‌ಸಿ 1468 ಎಂಬ ಕಡತದಲ್ಲಿ ಬರೆದಿಟ್ಟರು. ಅಲ್ಲಿಗೆ ಜಗತ್ತಿನ ಯಾವ ಯಂತ್ರವೂ ಚೀಟಿಯಲ್ಲಿ ಆ ಹೆಸರು ನೋಡಿ, ಓ ಇದು ಜಪಾನಿ, ಹೀಗೆ ಓದಬೇಕು ಎಂದು ತಿಳಿಯಬಹುದಾಯಿತು. ಇದು ಸಣ್ಣ ಕೆಲಸವಲ್ಲ ಎಂದು ಮುಂದೆ ನಿಮಗೇ ಗೊತ್ತಾಗುತ್ತದೆ.

ಹೆಸರಿದ್ದರೆ ಸಾಲದು, ಅದನ್ನು ಹೇಳಲೂ ಬೇಕು. ಬಹಳಷ್ಟು ಸರ್ವರ್‌ಗಳು ಹೇಳುತ್ತಿರಲಿಲ್ಲ. ಆಗ ಬ್ರೌಸರ್ ಊಹೆ ಮಾಡಬೇಕು. ತಪ್ಪು ಊಹೆಯಿಂದ ಪರದೆಯ ಮೇಲೆ ಬರುವ ಗೋಜಲಿಗೆ ಜಪಾನಿನಲ್ಲಿ ಮೊಜಿಬಾಕೆ ಎನ್ನುತ್ತಾರೆ. ಮೊಜಿ ಎಂದರೆ ಅಕ್ಷರ. ಬಾಕೆ ಎನ್ನುವುದು ನರಿ, ದೆವ್ವಗಳು ವೇಷ ಬದಲಿಸಿಕೊಂಡು ಬರುತ್ತವಲ್ಲ, ಆ ರೂಪಾಂತರಕ್ಕೆ ಬಳಸುವ ಮಾತು. ಅಕ್ಷರ ಹಾಳಾಗಿಲ್ಲ, ಬೇರೆ ವೇಷದಲ್ಲಿ ಬಂದಿದೆ ಎಂಬ ಅರ್ಥ ಆ ಪದದಲ್ಲೇ ಇದೆ. ನನಗೆ ಬಹಳ ಇಷ್ಟವಾದ ಜಪಾನಿ ಪದಗಳಲ್ಲಿ ಇದೂ ಒಂದು.

ಊಹೆ ಸರಿಯಾಗಲಿ ಎಂದು ಇಲ್ಲಿನವರು ಒಂದು ಉಪಾಯ ಮಾಡುತ್ತಿದ್ದರು. ಪುಟದೊಳಗೆ ಓದುಗರಿಗೆ ಕಾಣದ ಜಾಗದಲ್ಲಿ ‘ಸುಝುಮೆ ನೋ ಓರಾಯ್’ ಎಂದು ಬರೆದಿಡುತ್ತಿದ್ದರು. ಗುಬ್ಬಚ್ಚಿಗಳ ಓಡಾಟ ಎಂದು ಅರ್ಥ. ಆ ನಾಲ್ಕು ಅಕ್ಷರಗಳ ಬೈಟುಗಳು ಒಂದು ಪದ್ಧತಿಯನ್ನು ಇನ್ನೊಂದು ಎಂದು ತಿಳಿಯಲು ಆಸ್ಪದ ಕೊಡುತ್ತಿರಲಿಲ್ಲ, ಅದಕ್ಕೆ. ಹೆಡರ್ ಬಾಯಿ ಮುಚ್ಚಿಕೊಂಡಿದ್ದ ಕಾಲದಲ್ಲಿ ಎಷ್ಟೋ ಪುಟಗಳ ಒಳಗೆ ಗುಬ್ಬಚ್ಚಿಗಳು ಗುಟ್ಟಾಗಿ ಓಡಾಡಿಕೊಂಡು ಸಹಾಯ ಮಾಡಿದವು.

ಆಮೇಲೆ 2000ನೇ ಇಸವಿ ಬಂತು. ಫೆಬ್ರುವರಿ 2ರಂದು ಅಮೆರಿಕದ ಸರ್ಟ್ ಸಂಸ್ಥೆ ಒಂದು ಎಚ್ಚರಿಕೆ ಹೊರಡಿಸಿತು. ಬೇರೆಯವರ ಪುಟದೊಳಗೆ ಕಿಡಿಗೇಡಿಗಳು ತಮ್ಮ ಸ್ಕ್ರಿಪ್ಟ್ ತೂರಿಸುವ ದಾಳಿಯ ಬಗ್ಗೆ. ಅದರಲ್ಲಿ ಒಂದು ಎಳೆ ನಮ್ಮ ವಿಷಯಕ್ಕೆ ಸೇರಿದ್ದು: ಚಾರ್‌ಸೆಟ್ ಹೇಳದೆ ಬಿಟ್ಟರೆ ಬ್ರೌಸರ್ ಊಹಿಸುತ್ತದೆ. ಒಂದು ಪದ್ಧತಿಯಲ್ಲಿ ನಿರಪಾಯ ಎಂದು ಕಾಣುವ ಬೈಟುಗಳು ಇನ್ನೊಂದು ಪದ್ಧತಿಯಲ್ಲಿ ಓದಿದಾಗ ಸ್ಕ್ರಿಪ್ಟ್ ಆಗಿಬಿಡಬಹುದು. ಆದ್ದರಿಂದ ಚಾರ್‌ಸೆಟ್ ಹೇಳಿಯೇ ಬಿಡಿ. ಸರಿಯಾದ ಸಲಹೆ, ತಪ್ಪು ಹುಡುಕುವ ಹಾಗಿಲ್ಲ. ಅಪಾಚೆ ಸರ್ವರ್‌ನವರು ಅದೇ ತಿಂಗಳು 1.3.12 ಆವೃತ್ತಿಯಲ್ಲಿ ಆ್ಯಡ್-ಡಿಫಾಲ್ಟ್-ಚಾರ್‌ಸೆಟ್ ಎಂಬ ಹೊಸ ಆಜ್ಞೆ ಸೇರಿಸಿದರು. ಮುಂದೆ ಅಪಾಚೆ 2.0 ಬಂದಾಗ ಅದರ ಜೊತೆ ಬರುತ್ತಿದ್ದ ಸಿದ್ಧ ಕಡತದಲ್ಲಿ ಆ ಆಜ್ಞೆ ಚಾಲೂ ಆಗಿಯೇ ಇತ್ತು. ಮತ್ತು ಅದರ ಮುಂದೆ ಬರೆದಿದ್ದ ಹೆಸರು ಯಾವುದು? ಐಎಸ್‌ಒ-8859-1.

ಇದರ ಪರಿಣಾಮ ಅರ್ಥವಾಗಬೇಕಾದರೆ ಇನ್ನೊಂದು ನಿಯಮ ತಿಳಿಯಬೇಕು. ಪುಟ ಬರೆದವರು ಪುಟದ ಒಳಗೇ, ಮೆಟಾ ಎಂಬ ಸಾಲಿನಲ್ಲಿ, ನನ್ನ ಅಕ್ಷರ ಇಂಥದ್ದು ಎಂದು ಬರೆಯಬಹುದು. ಆದರೆ ಹೆಡರ್ ಒಂದು ಹೇಳಿ ಪುಟ ಇನ್ನೊಂದು ಹೇಳಿದರೆ ಗೆಲ್ಲುವುದು ಹೆಡರ್. 1999ರ ಡಿಸೆಂಬರಿನಲ್ಲಿ ಬಂದ ಎಚ್‌ಟಿಎಂಎಲ್ 4.01 ಇದನ್ನು ಸ್ಪಷ್ಟವಾಗಿ ಬರೆದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವಲ್ಲ, ಅದೇ. ಅಲ್ಲಿಯವರೆಗೆ ಹೆಡರ್ ಸುಮ್ಮನಿದ್ದುದರಿಂದ ಪುಟದ ಮಾತು ನಡೆಯುತ್ತಿತ್ತು. ಈಗ ಸರ್ವರ್ ಎಲ್ಲ ಪುಟಕ್ಕೂ ಲ್ಯಾಟಿನ್ ಎಂದು ಕೂಗತೊಡಗಿತು. ಸರಿಯಾಗಿ ಬರೆದಿಟ್ಟಿದ್ದ ಜಪಾನಿ ಪುಟಗಳು ಸರ್ವರ್ ಬದಲಾದ ಮರುದಿನವೇ ವೇಷ ಹಾಕಿಕೊಂಡವು. ಆ ಕಾಲದಲ್ಲಿ ಅಪಾಚೆ 2 ಹಾಕಿಕೊಳ್ಳುವ ಪ್ರತಿಯೊಬ್ಬ ಜಪಾನಿಗೂ ಗೆಳೆಯರು ಹೇಳುತ್ತಿದ್ದ ಮೊದಲ ಬುದ್ಧಿಮಾತುಗಳಲ್ಲಿ ಒಂದು: ಆ ಸಾಲನ್ನು ಹುಡುಕು, ಆಫ್ ಎಂದು ಬರೆ. ಸಿದ್ಧ ಕಡತದಿಂದ ಆ ಸಾಲನ್ನು ಅಪಾಚೆಯವರು ಮುಂದೆ ತೆಗೆದುಹಾಕಿದರು.

ಇದೆಲ್ಲ ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. 2005ರಲ್ಲಿ ಕೈ ಸುಟ್ಟುಕೊಂಡು ಗೊತ್ತಾದದ್ದು. ಅಮ್ಮ ಫೋನಿನಲ್ಲಿ ಹೇಳುತ್ತಾ ಹೋದ ಹುಳಿಪುಡಿಯ ಅಳತೆ, ಅದರ ನಡುನಡುವೆ ಅವಳ ತವರಿನ ಕತೆ, ಇಷ್ಟನ್ನೂ ಟೈಪ್ ಮಾಡಿ ಒಂದು ಪುಟ ಮಾಡಿದೆ. ಒಡಹುಟ್ಟಿದವರು ಮೂರು ದೇಶದಲ್ಲಿದ್ದೆವು, ಎಲ್ಲರೂ ಓದಲಿ ಎಂದು. ಯುಟಿಎಫ್-8ನಲ್ಲೇ ಬರೆದಿದ್ದೆ, ಮೆಟಾ ಸಾಲಿನಲ್ಲಿ ಅದನ್ನು ಹೇಳಿಯೂ ಇದ್ದೆ. ಇಲ್ಲಿಯೇ ಬಾಡಿಗೆಗೆ ಹಿಡಿದ ಒಂದು ಸರ್ವರ್‌ಗೆ ಏರಿಸಿದೆ. ಯಾರ ಸರ್ವರ್ ಎಂಬುದು ಬೇಡ, ಅವರು ಮಾಡಿದ್ದೂ ಸಿದ್ಧ ಕಡತವನ್ನು ಹಾಗೇ ಇಟ್ಟುಕೊಂಡದ್ದಷ್ಟೇ. ಮೈಸೂರಿನಿಂದ ಅಕ್ಕನ ಫೋನು ಬಂತು.

“ಲೋ, ಏನೋ ಇದು? ಬರೀ ಎರಡು, ಮೂರು, ಎರಡು, ಮೂರು ಅಂತ ಬರ್ತಿದೆ. ಅಮ್ಮ ಕನ್ನಡಕ ಹಾಕ್ಕೊಂಡು ಕೂತಿದಾರೆ.”

ಎರಡು, ಮೂರು ಎಂದು ಅವಳು ಹೇಳಿದ್ದು ಅಕ್ಷರಶಃ ನಿಜ. ಯಾಕೆಂದು ಹೇಳುತ್ತೇನೆ, ಇದು ನಿಮ್ಮ ಉಪಯೋಗಕ್ಕೂ ಬರುತ್ತದೆ. ಯುಟಿಎಫ್-8ನಲ್ಲಿ ಕನ್ನಡದ ಪ್ರತಿ ಗುರುತಿಗೂ ಮೂರು ಬೈಟು. ಮೊದಲ ಬೈಟು ಎಲ್ಲಕ್ಕೂ ಒಂದೇ. ಲ್ಯಾಟಿನ್ ಎಂದು ಓದಿದರೆ ಅದು ತಲೆಯ ಮೇಲೆ ಗೀಟು ಹೊತ್ತ ಸಣ್ಣ ಎ ಆಗುತ್ತದೆ. ಎರಡನೆಯ ಬೈಟು ಎರಡೇ ಬಗೆ: ಸ್ವರ, ವ್ಯಂಜನಗಳಿಗೆಲ್ಲ ಒಂದು, ಕೊಂಬು, ಏತ್ವ, ಓತ್ವ, ಒತ್ತಕ್ಷರ ಮಾಡುವ ಗುರುತು ಇವುಗಳಿಗೆ ಇನ್ನೊಂದು. ಲ್ಯಾಟಿನ್ ಪಟ್ಟಿಯಲ್ಲಿ ಮೊದಲನೆಯದರ ಜಾಗದಲ್ಲಿರುವುದು ವರ್ಗದ ಗುರುತಾದ ಪುಟ್ಟ ಎರಡು, ಎರಡನೆಯದರ ಜಾಗದಲ್ಲಿರುವುದು ಘನದ ಗುರುತಾದ ಪುಟ್ಟ ಮೂರು. ನಮ್ಮ ಕ ಅಕ್ಷರ ಹಾಗೆ ಬಂದರೆ ಗೀಟಿನ ಎ, ಪುಟ್ಟ ಎರಡು, ಒಂದು ದಪ್ಪ ಚುಕ್ಕೆ. ನನ್ನ ಆಗಿನ ಜಪಾನಿ ಫೋನಿನಲ್ಲಿ ಇದೇ ಪುಟ ತೆರೆದರೆ ಅದು ಶಿಫ್ಟ್-ಜಿಸ್ ಎಂದುಕೊಂಡು ಯಾರೂ ಬಳಸದ ಅಪರೂಪದ ಕಾಂಜಿಗಳನ್ನು ಸಾಲಾಗಿ ನಿಲ್ಲಿಸುತ್ತಿತ್ತು. ಅಮ್ಮನ ಕೊತ್ತಂಬರಿ ಬೀಜ ಯಾವುದೋ ಹಳೆಯ ಚೀನೀ ಗ್ರಂಥದ ಹಾಗೆ ಕಾಣುತ್ತಿತ್ತು. ನೋಡಲು ಚೆನ್ನಾಗಿಯೇ ಇತ್ತೆನ್ನಿ.

ಎಂಟು ಹತ್ತು ದಿನ ಪುಟವನ್ನೇ ತಿದ್ದುತ್ತಾ ಕೂತೆ. ತಪ್ಪು ಪುಟದಲ್ಲಿ ಇರಲೇ ಇಲ್ಲ. ಕೊನೆಗೆ ಸಹೋದ್ಯೋಗಿಯೊಬ್ಬರು ಹೆಡರ್ ನೋಡು ಎಂದರು. ಆ ಫೋಲ್ಡರಿನಲ್ಲಿ ಎಚ್‌ಟಿ-ಆ್ಯಕ್ಸೆಸ್ ಎಂಬ ಕಡತ ಇಟ್ಟು ಒಂದೇ ಸಾಲು ಬರೆದೆ: ಡಿಫಾಲ್ಟ್ ಚಾರ್‌ಸೆಟ್ ಯುಟಿಎಫ್-8. ಅಷ್ಟಕ್ಕೇ ಕನ್ನಡ ಎದ್ದು ಕೂತಿತು. ಆ ಒಂದು ಸಾಲು ಬರೆಯಲು ನನಗೆ ಅನುಮತಿ ಇತ್ತು, ಅದು ನನ್ನ ಪುಣ್ಯ. ಎಲ್ಲ ಬಾಡಿಗೆ ಜಾಗದಲ್ಲೂ ಅದನ್ನು ಕೊಡುತ್ತಿರಲಿಲ್ಲ.

ಈಗ ಕತೆಯ ಇನ್ನೊಂದು ಅರ್ಧ. ಜಪಾನಿಗೆ ಆಫ್ ಎಂದು ಬರೆದರೆ ಅಥವಾ ಸರಿಯಾದ ಹೆಸರು ಹಾಕಿದರೆ ರೋಗ ವಾಸಿ. 1990ರ ದಶಕದ ಕನ್ನಡಕ್ಕೆ ಆ ಮದ್ದೂ ಇರಲಿಲ್ಲ, ಯಾಕೆಂದರೆ ಹಾಕಲು ಹೆಸರೇ ಇರಲಿಲ್ಲ.

ಕನ್ನಡಕ್ಕೆ ಸಂಕೇತ ಪದ್ಧತಿಯೇ ಇರಲಿಲ್ಲ ಎಂದಲ್ಲ. ಇಸ್ಕಿ ಎಂಬ ಭಾರತೀಯ ಶಿಷ್ಟತೆ 1991ರಲ್ಲಿಯೇ ಅಧಿಕೃತವಾಗಿತ್ತು. ಅದೇ ವರ್ಷ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ 128 ಮನೆಗಳ ಜಾಗ ಕೊಟ್ಟಾಗಿತ್ತು. ಆದರೆ ಮನೆ ಕಟ್ಟಿದರೆ ಆಯಿತೇ, ಒಕ್ಕಲು ಬರಬೇಡವೇ? ಜನರ ಕಂಪ್ಯೂಟರಿನಲ್ಲಿ ಅದನ್ನು ತೋರಿಸುವ ಫಾಂಟು, ತಂತ್ರಾಂಶ ಇರಲಿಲ್ಲ. ಹೆಡರಿನಲ್ಲಿ ಹೇಳಬಹುದಾದ ಹೆಸರುಗಳಿಗೆ ಅಂತರರಾಷ್ಟ್ರೀಯ ನೋಂದಣಿ ಪಟ್ಟಿಯೊಂದಿದೆ, ಅದರಲ್ಲಿ ಇಸ್ಕಿ ಸೇರಲೇ ಇಲ್ಲ. ಮೈಕ್ರೋಸಾಫ್ಟ್‌ನವರು ಕನ್ನಡ ಇಸ್ಕಿಗೆ ಎಕ್ಸ್-ಇಸ್ಕಿ-ಕೆಎ ಎಂಬ ಹೆಸರಿಟ್ಟುಕೊಂಡಿದ್ದರು. ಮುಂದಿನ ಎಕ್ಸ್ ನೋಡಿದಿರಾ? ನೋಂದಣಿ ಆಗಿಲ್ಲ ಎಂಬುದರ ಗುರುತು ಅದು, ನಮ್ಮ ಬೀದಿಯ ಒಂದು-ಒಂದು-ಮೂರರ ಹಾಗೆ. ತಮಿಳರು ತಮ್ಮ ಟಿಸ್ಕಿ ಎಂಬ ಪದ್ಧತಿಯನ್ನು ಆ ಪಟ್ಟಿಗೆ ಸೇರಿಸುವಲ್ಲಿ ಗೆದ್ದರು, ಸ್ವಲ್ಪ ತಡವಾಗಿ. ನಾವು ಆ ಕಡೆ ಹೋಗಲೇ ಇಲ್ಲ.

ಹಾಗಾದರೆ ಕನ್ನಡ ಜಾಲಕ್ಕೆ ಬಂದದ್ದು ಹೇಗೆ? ಬೋರ್ನ್‌ವೀಟಾ ಡಬ್ಬಿಯಲ್ಲಿ. ಫಾಂಟು ಮಾಡುವವರು ಇಂಗ್ಲಿಷ್ ಮತ್ತು ಲ್ಯಾಟಿನ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಚಿತ್ರ ಕೂರಿಸಿದರು. ಕಡತದಲ್ಲಿ ಇರುವುದು ಲ್ಯಾಟಿನ್, ಹೆಡರ್ ಹೇಳುವುದೂ ಲ್ಯಾಟಿನ್, ಫಾಂಟು ಹಾಕಿಕೊಂಡವರ ಕಣ್ಣಿಗೆ ಮಾತ್ರ ಕನ್ನಡ. ಯು.ಬಿ. ಪವನಜ ಅವರು 1996ರಲ್ಲಿ ಶುರುಮಾಡಿದ ‘ವಿಶ್ವಕನ್ನಡ’, ಕನ್ನಡದ ಮೊದಲ ಅಂತರಜಾಲ ಪತ್ರಿಕೆ, ನಡೆದದ್ದು ಈ ಪರಿಸ್ಥಿತಿಯಲ್ಲಿ. 1998ರಲ್ಲಿ ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಅವರ ‘ಬರಹ’ ಬಂತು. ಪರದೇಶದಲ್ಲಿ ಕೂತು ಕನ್ನಡ ಟೈಪ್ ಮಾಡುವುದನ್ನು ನಮ್ಮ ತಲೆಮಾರು ಕಲಿತದ್ದೇ ಅದರಿಂದ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು ಸರ್ಕಾರಿ ಕಚೇರಿಗಳನ್ನು ಹಿಡಿಯಿತು. ಇವರನ್ನು ಯಾರಾದರೂ ಹಳಿದರೆ ನಾನು ಒಪ್ಪುವುದಿಲ್ಲ. ಸರಿಯಾದ ಹೆಸರು ಬರುವವರೆಗೆ ಕಾಯುತ್ತೇವೆ ಎಂದು ಅವರು ಕೂತಿದ್ದರೆ ಆ ಹತ್ತು ವರ್ಷದ ಕನ್ನಡ ಜಾಲದಲ್ಲಿ ಇರುತ್ತಲೇ ಇರಲಿಲ್ಲ.

ಆದರೆ ಬೆಲೆ ತೆತ್ತಿದ್ದೇವೆ, ಈಗಲೂ ತೆರುತ್ತಿದ್ದೇವೆ. ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ‘ಕನ್ನಡ’ ಎಂಬ ಪದವನ್ನು ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಬರುವುದು ಇದು: ದೊಡ್ಡ ಪಿ, ಗೀಟು ಹೊತ್ತ ದೊಡ್ಡ ಎ, ಪೌಂಡು ಹಣದ ಗುರುತು, ಮತ್ತೆ ಗೀಟಿನ ಎ, ಜರ್ಮನ್ನರ ಎಸ್‌ಸೆಟ್ ಅಕ್ಷರ, ಸಣ್ಣ ಕ್ಯೂ, ಇನ್ನೊಮ್ಮೆ ಗೀಟಿನ ಎ. ಇದಕ್ಕೆ ಹೆಡರಿನ ಮದ್ದು ನಾಟುವುದಿಲ್ಲ. ಹೆಡರ್ ಲ್ಯಾಟಿನ್ ಎನ್ನುತ್ತಿದೆ, ಒಳಗಿರುವುದೂ ಲ್ಯಾಟಿನ್ನೇ. ಚೀಟಿ ಸುಳ್ಳಲ್ಲ, ಅದೇ ದುಃಖ. ಹುಡುಕುವ ಯಂತ್ರಗಳಿಗೆ ಆ ಪುಟಗಳು ಅರ್ಥವಿಲ್ಲದ ಇಂಗ್ಲಿಷಾಗಿ ಕಂಡವು, ಕನ್ನಡ ಎಂದು ಹುಡುಕಿದವರಿಗೆ ಸಿಗಲಿಲ್ಲ. ಫಾಂಟನ್ನು ಪುಟದ ಜೊತೆಗೇ ಕಳಿಸುವ ಉಪಾಯವೂ 1997ರ ಸುಮಾರಿಗೆ ಬಂತು, ಇಂಟರ್ನೆಟ್ ಎಕ್ಸ್‌ಪ್ಲೋರರ್‌ನದು ಒಂದು ಬಗೆ, ನೆಟ್‌ಸ್ಕೇಪ್‌ನದು ಇನ್ನೊಂದು. ಎಕ್ಸ್‌ಪ್ಲೋರರ್‌ನ ಫಾಂಟಿಗೆ ಇಂಥ ವಿಳಾಸದಲ್ಲಿ ಮಾತ್ರ ಕೆಲಸ ಮಾಡು ಎಂದು ಬೀಗ ಹಾಕಬಹುದಿತ್ತು. ವಿಳಾಸ ಸತ್ತ ಮೇಲೆ ಬೀಗದಕೈ ಯಾರ ಹತ್ತಿರ ಕೇಳುವುದು?

ಬದಲಾವಣೆ ಬಂದದ್ದು ನಿಧಾನವಾಗಿ. ಯುಟಿಎಫ್-8 ಅನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿಯೇ ರೂಪಿಸಿದ್ದರು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಕನ್ನಡ ಫಾಂಟಿನೊಂದಿಗೆ ಬಂತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಅಲ್ಲಿ ಕನ್ನಡ ಕನ್ನಡವಾಗಿಯೇ, ಯೂನಿಕೋಡ್‌ನಲ್ಲಿ, ಬಂತು. ಹೆಡರಿನ ಬಾಲದಲ್ಲಿ ಯುಟಿಎಫ್-8 ಎಂಬ ಒಂದೇ ಹೆಸರು, ಅದರ ಹಿಂದೆ ಜಪಾನಿ, ಕನ್ನಡ, ತಮಿಳು, ಅರಬ್ಬೀ ಎಲ್ಲ. ಮೂರು ಹೆಸರಿನವರೂ ಹೆಸರಿಲ್ಲದವರೂ ಬಂದು ಸೇರಿದ್ದು ಒಂದೇ ಜಗಲಿಗೆ. ಬಾಯಿ ಬಿಡದವರು ಲ್ಯಾಟಿನ್ ಎಂಬ ಹಳೆಯ ನಿಯಮವನ್ನು ಎಚ್‌ಟಿಟಿಪಿಯಿಂದ ಕಿತ್ತು ಹಾಕಿದ್ದು ಮಾತ್ರ 2014ರ ಜೂನಿನಲ್ಲಿ. ಅಲ್ಲಿಯವರೆಗೂ ಕಾಗದದ ಮೇಲೆ ಅದು ಜೀವಂತವಾಗಿತ್ತು.

ಒಂದು ಅಡ್ಡ ಮಾತು. ಇತಿಹಾಸ ಓದುವವರಿಗೆ ಹಳೆಯ ಹೆಡರು ಶಾಸನದ ಮೊದಲ ಸಾಲುಗಳ ಹಾಗೆ. ಶಾಸನದಲ್ಲಿ ಯಾವ ಅರಸ ಆಳುತ್ತಿದ್ದ, ಯಾವ ಶಕವರ್ಷ ಎಂದು ಮೊದಲು ಹೇಳಿ ಆಮೇಲೆ ದಾನದ ಮಾತಿಗೆ ಬರುತ್ತಾರೆ. ಹೆಡರಿನಲ್ಲೂ ಅಷ್ಟೇ: ಯಾವ ಸರ್ವರ್ ಆಳುತ್ತಿತ್ತು, ಯಾವ ದಿನ, ಕಡತವನ್ನು ಕೊನೆಗೆ ಮುಟ್ಟಿದ್ದು ಯಾವಾಗ. ಇಂಟರ್ನೆಟ್ ಆರ್ಕೈವ್ ಪುಟಗಳನ್ನು ಉಳಿಸುವಾಗ ಹೆಡರನ್ನೂ ಜೊತೆಗೇ ಉಳಿಸುತ್ತದೆ. ಅವರ ಹಳೆಯ ಪ್ರತಿಯನ್ನು ಕೇಳಿದರೆ ಮೂಲ ಹೆಡರುಗಳನ್ನು ಎಕ್ಸ್-ಆರ್ಕೈವ್-ಒರಿಜ್ ಎಂಬ ಮುನ್ನುಡಿ ಸೇರಿಸಿ ಕೊಡುತ್ತಾರೆ. ಈಗಿನ ಸರ್ವರ್‌ಗಳವರು ಆವೃತ್ತಿಯ ಸಂಖ್ಯೆ, ಯಾವ ಭಾಷೆಯಲ್ಲಿ ನಡೆಯುತ್ತಿದೆ ಎಂಬುದನ್ನೆಲ್ಲ ಹೆಡರಿನಿಂದ ತೆಗೆಯುತ್ತಾರೆ, ಕಳ್ಳರಿಗೆ ಯಾಕೆ ಬಾಗಿಲ ಬೀಗದ ಕಂಪನಿ ಹೇಳಬೇಕು ಎಂದು. ಕೆಲಸದಲ್ಲಿ ನಾನೂ ತೆಗೆಯುತ್ತೇನೆ. ಮನೆಗೆ ಬಂದ ಮೇಲೆ, ಮುಂದೆ ಯಾರೋ ಓದಬೇಕಾದ ಶಾಸನದಿಂದ ಅರಸನ ಹೆಸರು ಕೆತ್ತಿ ಹಾಕಿದೆನಲ್ಲಾ ಎಂದು ಸ್ವಲ್ಪ ಕಸಿವಿಸಿ ಆಗುವುದೂ ಉಂಟು. ಆದರೆ ಚಾರ್‌ಸೆಟ್ ಸಾಲನ್ನು ಮಾತ್ರ ತೆಗೆಯಬಾರದು. ಅದು ಬೀಗದ ಮಾತಲ್ಲ, ಬಾಗಿಲ ಮೇಲಿನ ಹೆಸರು.

ನೀವು ಎಂದಾದರೂ ನಿಮ್ಮ ಊರಿನ ಕನ್ನಡ ಸಂಘದ ಹಳೆಯ ಪುಟವನ್ನೋ, ಅಪ್ಪ ಓದುವಾಗ ಬರೆದ ಲೇಖನವನ್ನೋ ಹುಡುಕಿಕೊಂಡು ಹೋಗುತ್ತೀರಿ. ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು, ಅದರ ಜಪಾನಿನ ಶಾಖೆ 2019ರಲ್ಲಿ. ಅಲ್ಲಿದ್ದವುಗಳಲ್ಲಿ ಉಳಿದದ್ದು ಆರ್ಕೈವಿನಲ್ಲಿ ಅಷ್ಟಿಷ್ಟು. ಸಿಕ್ಕಿದ ಪುಟ ಗೋಜಲಾಗಿ ಕಂಡರೆ ಕಸ ಎಂದು ಮುಚ್ಚಬೇಡಿ. ಪುಟ್ಟ ಎರಡು, ಪುಟ್ಟ ಮೂರು ಮತ್ತೆ ಮತ್ತೆ ಬರುತ್ತಿದ್ದರೆ ಅದು ಚೀಟಿಯ ರೋಗ: ಒಳಗೆ ಇರುವುದು ಶುದ್ಧ ಯುಟಿಎಫ್-8 ಕನ್ನಡ. ಪರದೆಯಿಂದ ಕಾಪಿ ಮಾಡಬೇಡಿ, ಕೆಲವು ಗುರುತು ದಾರಿಯಲ್ಲಿ ಉದುರಿಹೋಗಬಹುದು. ಕಡತವನ್ನೇ ಇಳಿಸಿಕೊಂಡು, ಯುಟಿಎಫ್-8 ಎಂದು ಹೇಳಿ ಎಡಿಟರಿನಲ್ಲಿ ತೆರೆಯಿರಿ. ಗೀಟಿನ ದೊಡ್ಡ ಎ, ಪೌಂಡಿನ ಗುರುತು ತುಂಬಿದ್ದರೆ ಅದು ಫಾಂಟಿನ ವೇಷ, ಅದನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಇವೆ. ಹೆಡರ್ ನೋಡುವುದೂ ಕಷ್ಟವಲ್ಲ. ಬ್ರೌಸರಿನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಎಂಬಲ್ಲಿ ಪುಟದ ಹೆಸರು ಮುಟ್ಟಿದರೆ ಇಷ್ಟು ಹೊತ್ತು ನಾನು ಹೇಳಿದ ಸಾಲುಗಳೆಲ್ಲ ಕಣ್ಣೆದುರಿಗೆ ಬರುತ್ತವೆ.

ನನ್ನ ಆ ಹುಳಿಪುಡಿಯ ಪುಟ ಈಗಿಲ್ಲ. ಬಾಡಿಗೆ ಕಟ್ಟುವುದನ್ನು ನಿಲ್ಲಿಸಿದೆ, ಮೂಲ ಕಡತ ಇದ್ದ ಲ್ಯಾಪ್‌ಟಾಪು ಕೆಟ್ಟುಹೋಯಿತು, ಅಮ್ಮನೂ ಈಗಿಲ್ಲ. ಕಳೆದ ಚಳಿಗಾಲದಲ್ಲಿ ಇಲ್ಲಿಯೇ ಹುಟ್ಟಿ ಬೆಳೆದ ನನ್ನ ಮಗಳು ಅದರ ಪ್ರತಿಯೊಂದನ್ನು ಆರ್ಕೈವಿನಲ್ಲಿ ಹುಡುಕಿ ತೆಗೆದಳು. ಪ್ರತಿ ಇರುವುದು ಒಂದೇ, ಅದೂ ನಾನು ಪೇಚಾಡುತ್ತಿದ್ದ ಆ ಎಂಟು ಹತ್ತು ದಿನಗಳಲ್ಲಿ ತೆಗೆದದ್ದು. ಹೆಡರಿನಲ್ಲಿ ಐಎಸ್‌ಒ-8859-1 ಎಂದೇ ಇದೆ, ಪುಟದ ತುಂಬ ಎರಡು, ಮೂರು, ಎರಡು, ಮೂರು. ಅವಳು ಕಡತ ಇಳಿಸಿಕೊಂಡಳು, ಎಡಿಟರಿನಲ್ಲಿ ತೆರೆದಳು, ಯುಟಿಎಫ್-8 ಎಂದು ಆರಿಸಿದಳು. ಆಮೇಲೆ ಒಂದೊಂದೇ ಅಕ್ಷರ ಕೂಡಿಸಿಕೊಂಡು, ಗಟ್ಟಿಯಾಗಿ ಓದಿದಳು: ಬ್ಯಾಡಗಿ ಮೆಣಸಿನಕಾಯಿ ಕಾಲು ಕೆಜಿ, ಕೊತ್ತಂಬರಿ ಬೀಜ ಅರ್ಧ ಕೆಜಿ, ಮೆಂತ್ಯ ಕೈಗೆ ಬಂದಷ್ಟು.

“ಅಪ್ಪಾ, ಕೈಗೆ ಬಂದಷ್ಟು ಅಂದ್ರೆ ಎಷ್ಟು ಗ್ರಾಂ?” ಎಂದಳು.